ಮನೆಯೊಳಗಿನ ಬೆಕ್ಕಿನ ಚರ್ಮವ್ಯಾಧಿ: ಮರುಕಳಿಸುವ ಕಾರಣವನ್ನು ಗೊತ್ತುಮಾಡುವ ಕ್ರಮ

ಭತ್ತ, ರಾಗಿ, ಜೋಳಗಳನ್ನು ಮನೆಯಲ್ಲಿಯೇ ಶೇಖರಿಸಿಡುವ ಕುಟುಂಬಗಳಲ್ಲಿ ಬೆಕ್ಕು ಕೇವಲ ಮುದ್ದಿನ ಪ್ರಾಣಿಯಲ್ಲ. ಕಣಜದ ಸುತ್ತಲೂ ಮೂಟೆಗಳ ಸಂದಿಯಲ್ಲಿಯೂ ಇಲಿಗಳು ನೆಲೆಯೂರದಂತೆ ನೋಡಿಕೊಳ್ಳುವ ಕೆಲಸವನ್ನು ಅದು ಸಂಬಳವಿಲ್ಲದೆ ನಡೆಸಿಕೊಂಡು ಬರುವುದು. ಹೀಗಿದ್ದರೂ ಎತ್ತು ಕುಂಟಿದರೆ, ಎಮ್ಮೆ ಹಾಲು ಕಡಮೆಮಾಡಿದರೆ ಆ ದಿನವೇ ಪಶುವೈದ್ಯರಿಗೆ ಹೇಳಿಕಳುಹಿಸುವ ಯಜಮಾನರು, ಬೆಕ್ಕಿನ ರೋಮವುದುರಿ ಮೈ ಹುಣ್ಣಾದಾಗ ಮಾತ್ರ “ಕಜ್ಜಿ ಬಂದಿದೆ, ತಾನಾಗಿ ಹೋದೀತು” ಎಂದು ಸುಮ್ಮನಿರುವುದುಂಟು. ಇಲ್ಲವೆ ಅದನ್ನು ಗೋಣಿಚೀಲದಲ್ಲಿ ಕಟ್ಟಿ ಊರಾಚೆ ಬಿಟ್ಟುಬರುವುದುಂಟು. ಮೊದಲನೆಯದರಿಂದ ರೋಗವು ಉಳಿಯುವುದು. ಎರಡನೆಯದರಿಂದ ಬೆಕ್ಕು ಹೋಗುವುದು, ಆದರೆ ಬಹುಮಟ್ಟಿಗೆ ರೋಗದ ಕಾರಣವು ಮನೆಯಲ್ಲಿಯೇ ಉಳಿದುಕೊಳ್ಳುವುದು. ಇದು ಹೇಗೆಂಬುದನ್ನು ವಿಶದಪಡಿಸುವುದೇ ಈ ಲೇಖನದ ಉದ್ದೇಶವಾಗಿದೆ.

ಮೊದಲು ಒಂದು ಮಾತನ್ನು ಮನಸ್ಸಿನಲ್ಲಿಡಬೇಕು. ತುರಿಕೆ, ರೋಮ ಉದುರುವಿಕೆ, ಹೆಕ್ಕಳೆ ಇವು ರೋಗದ ಹೆಸರುಗಳಲ್ಲ, ಲಕ್ಷಣಗಳು. ಪೈರು ಹಳದಿಯಾಯಿತೆಂದ ಮಾತ್ರಕ್ಕೆ ಗೊಬ್ಬರ ಸಾಲದೆಂದು ಯಾವ ತಿಳಿದ ರೈತನೂ ತೀರ್ಮಾನಿಸನು. ನೀರು ನಿಂತಿರಬಹುದು, ಬೇರಿಗೆ ಹುಳು ಬಿದ್ದಿರಬಹುದು. ಬೆಕ್ಕಿನ ಚರ್ಮವೂ ಹಾಗೆಯೇ. ಬೇರೆ ಬೇರೆ ಕಾರಣಗಳಿಗೆ ಅದು ಕೊಡುವ ಉತ್ತರಗಳು ಮೂರು ನಾಲ್ಕೇ ಬಗೆ. ಆದುದರಿಂದ ನೋಟಮಾತ್ರದಿಂದ ಕಾರಣವನ್ನು ಹೇಳುವವರ ಮಾತನ್ನು ನೆಚ್ಚಕೂಡದು.

ಒಂದು ದೃಷ್ಟಾಂತ

ವಿಷಯವು ಸ್ಪಷ್ಟವಾಗುವುದಕ್ಕಾಗಿ ಅರೆಮಲೆನಾಡಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ನಡುಮನೆಯ ಪಕ್ಕದ ಕೋಣೆಯಲ್ಲಿ ಭತ್ತದ ಮೂಟೆಗಳು; ಒಂದು ಮೂಲೆಯಲ್ಲಿ ಬರಿದಾದ ಗೋಣಿಚೀಲಗಳ ರಾಶಿ; ಹೊರಗೆ ಜಗಲಿ, ಜಗಲಿಯ ಮೇಲೆ ನಾಯಿ. ಹಿಂದೆ ಸಾಕಿದ್ದ ಒಂದು ಬೆಕ್ಕನ್ನು ಬೀದಿನಾಯಿಗಳು ಕೊಂದದ್ದರಿಂದ, ಈಗಿರುವ ನಾಲ್ಕು ವರ್ಷದ ಹೆಣ್ಣು ಬೆಕ್ಕನ್ನು ಮರಿಯಿಂದಲೂ ಹೊರಗೆ ಬಿಡದೆ ಸಾಕಿದ್ದಾರೆ. ಅದು ಮಲಗುವುದು ಗೋಣಿಚೀಲಗಳ ಮೇಲೆ.

ಆಷಾಢ ಬಂದೊಡನೆ ಈ ಬೆಕ್ಕು ಹಗಲಿರುಳೂ ಮೈ ನೆಕ್ಕತೊಡಗುವುದು. ಹೊಟ್ಟೆಯ ಅಡಿಭಾಗ, ತೊಡೆಯ ಒಳಭಾಗಗಳು ಬೋಳಾಗುವುವು. ಬಾಲದ ಬುಡದಿಂದ ಬೆನ್ನಿನ ಕಡೆಗೆ ಕೈಯಾಡಿಸಿದರೆ ರೋಮದೊಳಗೆ ನವಣೆಕಾಳನ್ನು ಚೆಲ್ಲಿದಂತೆ ಸಣ್ಣ ಹೆಕ್ಕಳೆಗಳು ಬೆರಳಿಗೆ ಸಿಕ್ಕುವುವು. ಮೊದಲನೆಯ ವರ್ಷ ಹೊಂಗೆಯ ಎಣ್ಣೆಯಲ್ಲಿ ಗಂಧಕವನ್ನು ಕಲಸಿ ಹಚ್ಚಿದರು. ಮಾರ್ಗಶಿರದ ಹೊತ್ತಿಗೆ ಗುಣವಾಯಿತು, ಯಶಸ್ಸು ಎಣ್ಣೆಗೆ ಸಂದಿತು. ಎರಡನೆಯ ವರ್ಷ ಮೀನು ಕೊಡುವುದನ್ನು ನಿಲ್ಲಿಸಿದರು. ಆಗಲೂ ಮಾರ್ಗಶಿರದಲ್ಲಿಯೇ ಗುಣವಾಯಿತು, ಮೀನಿನ ಮೇಲೆ ಅಪವಾದ ಬಂದಿತು. ಮೂರನೆಯ ವರ್ಷ ಪೇಟೆಯಲ್ಲಿ ಸೂಜಿಮದ್ದು ಹಾಕಿಸಿದರು. ನಾಲ್ಕು ದಿನಗಳಲ್ಲಿ ತುರಿಕೆ ನಿಂತಿತು. ಒಂದೂವರೆ ತಿಂಗಳಿಗೆ ಮತ್ತೆ ಬಂದಿತು. ಮತ್ತೆ ಸೂಜಿ, ಮತ್ತೆ ತುರಿಕೆ. ಅಷ್ಟರಲ್ಲಿ ಮನೆಯ ಮಗುವಿನ ಕಾಲಿನ ಮೇಲೆ ಕೆಂಪು ಗುಳ್ಳೆಗಳೆದ್ದುವು. ಬೆಕ್ಕಿನ ಕಜ್ಜಿ ಮಗುವಿಗೆ ಅಂಟಿತೆಂದು ಮನೆಯವರೆಲ್ಲರೂ ಒಮ್ಮತಕ್ಕೆ ಬಂದು, ಬೆಕ್ಕನ್ನು ಸಾಗಹಾಕುವುದೆಂದು ನಿಶ್ಚಯಿಸಿದರು.

ಇಲ್ಲಿ ಮೊದಲೆರಡು ವರ್ಷಗಳ ತೀರ್ಮಾನದಲ್ಲಿ ನಡೆದ ತಪ್ಪನ್ನು ಗಮನಿಸಬೇಕು. ಮದ್ದು ಯಾವುದಾದರೂ ಆಗಲಿ, ರೋಗವು ಮಾರ್ಗಶಿರದಲ್ಲಿಯೇ ಇಳಿಯಿತು. ಎಂದರೆ ಇಳಿಸಿದ್ದು ಎಣ್ಣೆಯೂ ಅಲ್ಲ, ಮೀನಿಲ್ಲದ ಊಟವೂ ಅಲ್ಲ, ಋತು. ಹದಮಳೆಯ ಮೇಲೆ ಚೆಲ್ಲಿದ ಗೊಬ್ಬರಕ್ಕೆ ಪೈರಿನ ಹಸುರನ್ನೆಲ್ಲ ಕಟ್ಟಿಕೊಡುವಂತೆ ಇದು. ಮೂರನೆಯ ವರ್ಷದ ಸೂಜಿಮದ್ದಾದರೋ ಬಹುಶಃ ಸ್ಟೀರಾಯ್ಡ್ ಜಾತಿಯದು. ಅದು ತುರಿಕೆಯನ್ನು ಅಡಗಿಸುವುದೇ ಹೊರತು ತುರಿಸುವ ಕಾರಣವನ್ನು ತೆಗೆಯಲಾರದು. ಪಶುವೈದ್ಯರು ಅಗತ್ಯವರಿತು ಕೊಟ್ಟಾಗ ಅದು ಒಳ್ಳೆಯ ಔಷಧವೇ. ಆದರೆ ಕಾರಣವನ್ನು ಹುಡುಕದೆ ಮೇಲೆ ಮೇಲೆ ಹಾಕಿಸಿದರೆ ಬೆಕ್ಕಿಗೆ ಸಿಹಿಮೂತ್ರರೋಗ ಬರುವ ಭಯವುಂಟು, ಮತ್ತು ಹುಳುಕಡ್ಡಿಯೇನಾದರೂ ಇದ್ದರೆ ಅದು ಹಬ್ಬುವುದು.

ವಿಚಾರಣೆಯ ಆರಂಭ

ಊರಿನ ವ್ಯಾಜ್ಯಗಳನ್ನು ಕೇಳಿ ಬಗೆಹರಿಸಿ ಅಭ್ಯಾಸವುಳ್ಳ ಮುಖಂಡರಿಗೆ ಈ ಕೆಲಸವು ಕಷ್ಟವಾಗಲಾರದು. ಒಂದು ಪುಸ್ತಕವಿಟ್ಟುಕೊಂಡು ಈ ಸಂಗತಿಗಳನ್ನು ಬರೆಯತಕ್ಕದ್ದು: ತುರಿಕೆಯು ಯಾವ ತಿಂಗಳು ಮೊದಲಾಯಿತು, ಯಾವ ತಿಂಗಳು ಇಳಿಯಿತು; ಮೈಯ ಯಾವ ಭಾಗದಲ್ಲಿ ಮೊದಲು ಕಂಡಿತು; ತುರಿಕೆ ಮೊದಲೋ ರೋಮ ಹೋದದ್ದು ಮೊದಲೋ; ಮನೆಯಲ್ಲಿ ಬೇರೆ ಯಾವ ಪ್ರಾಣಿಗೆ, ಯಾವ ಮನುಷ್ಯರಿಗೆ ತುರಿಕೆಯಿದೆ; ಯಾವ ಮದ್ದು ಕೊಟ್ಟರು, ಎಷ್ಟು ದಿನ ನಿಂತಿತು; ಆ ಕಾಲಕ್ಕೆ ಮನೆಗೆ ಹೊಸದಾಗಿ ಬಂದ ಪ್ರಾಣಿ, ಚೀಲ, ಕಂಬಳಿ, ಹುಲ್ಲು ಏನಾದರೂ ಉಂಟೆ. ಈ ಒಂದು ಪುಟದ ಬರಹವು ಪಶುವೈದ್ಯರಿಗೆ ಅರ್ಧ ರೋಗನಿರ್ಣಯವನ್ನು ಮಾಡಿಕೊಡುವುದು. ಬಾಯಿಮಾತಿನಲ್ಲಿ ಹೇಳುವಾಗ ತಿಂಗಳುಗಳು ಹಿಂದುಮುಂದಾಗುವುದು ಸಹಜ.

ರೋಮವು ತಾನಾಗಿ ಉದುರುತ್ತಿದೆಯೋ ಬೆಕ್ಕು ನೆಕ್ಕಿ ಕಿತ್ತುಹಾಕುತ್ತಿದೆಯೋ ಎಂಬುದನ್ನು ಗೊತ್ತುಮಾಡುವುದಕ್ಕೆ ಒಂದು ಸುಲಭವಾದ ಪರೀಕ್ಷೆಯಿದೆ. ಬೋಳಾದ ಜಾಗದ ಅಂಚಿನಿಂದ ನಾಲ್ಕೆಂಟು ರೋಮಗಳನ್ನು ತೆಗೆದು ಭೂತಗನ್ನಡಿಯಲ್ಲಿ, ಸಾಧ್ಯವಾದರೆ ಆಸ್ಪತ್ರೆಯ ಸೂಕ್ಷ್ಮದರ್ಶಕದಲ್ಲಿ, ನೋಡಿಸಬೇಕು. ತಾನಾಗಿ ಬೆಳೆದ ರೋಮದ ತುದಿಯು ಸೂಜಿಯಂತೆ ಚೂಪಾಗಿರುವುದು. ತುದಿಯು ಮುರಿದು ಮೊಂಡಾಗಿದ್ದರೆ ಅದು ನಾಲಗೆಯ ಕೆಲಸ. ಬೆಕ್ಕು ಬಹಳ ಗುಟ್ಟಿನ ಪ್ರಾಣಿ. ಎದುರಿಗೆ ಸುಮ್ಮನಿದ್ದು ಅಟ್ಟದ ಮೇಲೆ ಹೋಗಿ ಗಂಟೆಗಟ್ಟಲೆ ನೆಕ್ಕುವುದು. “ನಮ್ಮ ಬೆಕ್ಕು ತುರಿಸಿಕೊಳ್ಳುವುದೇ ಇಲ್ಲ, ರೋಮ ಮಾತ್ರ ಉದುರುತ್ತದೆ” ಎಂದು ಹೇಳುವ ಮನೆಗಳಲ್ಲಿಯೂ ಈ ಪರೀಕ್ಷೆಯಿಂದ ಸತ್ಯವು ಹೊರಬೀಳುವುದು.

ಲಕ್ಷಣಗಳು ಕಾಣುವ ಜಾಗವೂ ಸ್ವಲ್ಪಮಟ್ಟಿಗೆ ದಾರಿ ತೋರುವುದು. ಕಿವಿಯ ಅಂಚಿನಲ್ಲಿ ಮೊದಲಾಗಿ ಮುಖ, ಕತ್ತುಗಳಿಗೆ ಹರಡುವ ಬೂದುಬಣ್ಣದ ದಪ್ಪ ಹೆಕ್ಕಳೆ, ಸಹಿಸಲಾರದ ತುರಿಕೆ, ಇವು ಬೆಕ್ಕಿನ ತಲೆಕಜ್ಜಿಯ ಗುರುತುಗಳು. ಇದು ಕಣ್ಣಿಗೆ ಕಾಣದ ನುಸಿಯಿಂದ ಬರತಕ್ಕದ್ದು. ಬೆಕ್ಕಿನಿಂದ ಬೆಕ್ಕಿಗೆ ಬಹು ಬೇಗ ಹತ್ತುವುದು, ಎತ್ತಿಕೊಂಡವರ ಕೈಗೂ ಕೆಲವು ದಿನ ತುರಿಕೆ ಬರಿಸುವುದು. ಚರ್ಮವನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನುಸಿಗಳು ಸಾಧಾರಣವಾಗಿ ಸುಲಭವಾಗಿಯೇ ಕಾಣುವುವು. ಕಿವಿಯೊಳಗೆ ಕಾಫಿಪುಡಿಯಂಥ ಕರಿಯ ಗುಗ್ಗೆ ತುಂಬಿದ್ದು ಬೆಕ್ಕು ತಲೆ ಕೊಡವುತ್ತಿದ್ದರೆ ಅದು ಇನ್ನೊಂದು ಜಾತಿಯ ನುಸಿ. ಮೂಗಿನ ಮೇಲೂ ಕಿವಿಯ ತುದಿಯಲ್ಲಿಯೂ ಮಾತ್ರ ಗುಳ್ಳೆಗಳೆದ್ದರೆ ಸೊಳ್ಳೆಯ ಕಡಿತವನ್ನು ಸಂಶಯಿಸಬಹುದು. ಇಂಥ ಬೆಕ್ಕನ್ನು ಸೊಳ್ಳೆಪರದೆ ಹಾಕಿದ ಕೋಣೆಯಲ್ಲಿ ಕೆಲವು ದಿನವಿಟ್ಟರೆ ತಾನಾಗಿ ಇಳಿಯುವುದು. ಬಿಳಿಯ ಬೆಕ್ಕಿನ ಕಿವಿಯ ತುದಿಯಲ್ಲಿ ಎಷ್ಟು ದಿನವಾದರೂ ಮಾಯದ ಗಾಯವಿದ್ದರೆ ತಡಮಾಡಕೂಡದು. ಬಿಸಿಲಿನ ದೆಸೆಯಿಂದ ಬರುವ ಅರ್ಬುದವು ಹೀಗೆಯೇ ಆರಂಭವಾಗುವುದು.

ಹುಳುಕಡ್ಡಿಯ ವಿಷಯ

ಮಕ್ಕಳಿರುವ ಮನೆಯಲ್ಲಿ ಮೊದಲು ವಿಚಾರಿಸಬೇಕಾದದ್ದು ಹುಳುಕಡ್ಡಿ. ಹೆಸರಿನಲ್ಲಿ ಹುಳುವಿದ್ದರೂ ಇದು ಹುಳುವಿನಿಂದ ಬರತಕ್ಕದ್ದಲ್ಲ, ರೋಮವನ್ನೂ ಚರ್ಮದ ಹೊರಪದರವನ್ನೂ ತಿನ್ನುವ ಒಂದು ಶಿಲೀಂಧ್ರದಿಂದ ಬರುವುದು. ದುಂಡಾದ ಬೋಳು ಜಾಗ, ಅದರ ಮೇಲೆ ಬೂದಿಯಂಥ ಹೊಟ್ಟು. ಬೆಕ್ಕಿಗೆ ತುರಿಕೆಯು ಕಡಮೆ. ಮರಿಗಳಲ್ಲಿಯೂ ಉದ್ದ ರೋಮದ ಬೆಕ್ಕುಗಳಲ್ಲಿಯೂ ಹೆಚ್ಚು. ಕೆಲವು ಬೆಕ್ಕುಗಳು ಯಾವ ಗುರುತೂ ಇಲ್ಲದೆ ಇದನ್ನು ಮೈಮೇಲೆ ಹೊತ್ತುಕೊಂಡಿರುವುವು. ಮನುಷ್ಯರಿಗೆ ಇದು ನಿಜವಾಗಿಯೂ ಅಂಟುವುದು. ಮಗುವಿನ ತೋಳು, ಕತ್ತುಗಳ ಮೇಲೆ ಅಂಚು ಎದ್ದು ನಡುವೆ ಮಾಸಿದ ಉಂಗುರದಾಕಾರದ ಗುರುತು ಕಂಡರೆ ಮಗುವನ್ನೂ ಬೆಕ್ಕನ್ನೂ ಅವರವರ ವೈದ್ಯರಿಗೆ ತೋರಿಸಬೇಕು.

ಪಶುವೈದ್ಯರು ನೇರಿಳೆ ದೀಪದ ಬೆಳಕಿನಲ್ಲಿ ರೋಮವನ್ನು ನೋಡುವರು; ಬೆಕ್ಕಿನಲ್ಲಿ ಹೆಚ್ಚಾಗಿ ಕಾಣುವ ಶಿಲೀಂಧ್ರವು ಆ ಬೆಳಕಿನಲ್ಲಿ ಹಸುರಾಗಿ ಹೊಳೆಯುವುದುಂಟು. ಹೊಳೆಯದಿದ್ದ ಮಾತ್ರಕ್ಕೆ ರೋಗವಿಲ್ಲವೆನ್ನುವಂತಿಲ್ಲ. ರೋಮವನ್ನು ತೆಗೆದು ಪೋಷಕದ್ರವ್ಯದಲ್ಲಿ ಬೆಳೆಸಿ ನೋಡಬೇಕು. ಇದಕ್ಕೆ ಎರಡು ಮೂರು ವಾರ ಹಿಡಿಯುವುದು. ಶಿಲೀಂಧ್ರದ ಬೀಜಾಣುಗಳು ಉದುರಿದ ರೋಮದೊಡನೆ ತಿಂಗಳುಗಟ್ಟಲೆ ಬದುಕಿರಬಲ್ಲುವಾದ್ದರಿಂದ ಬೆಕ್ಕಿಗೆ ಮದ್ದು ಮಾಡಿ ಮನೆಯನ್ನು ಶುಚಿಮಾಡದಿದ್ದರೆ ರೋಗವು ಮರುಕಳಿಸುವುದು ಖಂಡಿತ.

ಮೇಲ್ಕಂಡ ಮನೆಯ ಬೆಕ್ಕಿನಲ್ಲಿ ಈ ಪರೀಕ್ಷೆಗಳೆಲ್ಲವೂ ಇಲ್ಲವೆಂದೇ ಉತ್ತರ ಕೊಟ್ಟುವು. ಮಗುವಿನ ಗುಳ್ಳೆಗಳೂ ಉಂಗುರದಾಕಾರದವಲ್ಲ. ಅವು ಇದ್ದದ್ದು ಹರಡಿನ ಸುತ್ತಲೂ, ಮೊಣಕಾಲಿನ ಕೆಳಗೆ ಮಾತ್ರ. ಈ ಒಂದು ಸಂಗತಿಯನ್ನು ಮನೆಯವರು ಮೂರು ತಿಂಗಳಿಂದ ನೋಡುತ್ತಿದ್ದರೂ ಲೆಕ್ಕಕ್ಕೆ ತಂದುಕೊಂಡಿರಲಿಲ್ಲ.

ಕಾಣದ ಚಿಗಟ

ಹರಡಿನ ಸುತ್ತ ಕಚ್ಚುವುದು ನೆಲದಿಂದ ನೆಗೆಯುವ ಚಿಗಟ. ಚಿಗಟದ ಹೆಸರು ಈ ಸೀಮೆಯವರಿಗೆ ಹೊಸದಲ್ಲ. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ನುಗ್ಗಿತು. ಅದೇ ವರ್ಷ ಕರಾಚಿಯಲ್ಲಿ ಸೀಮಾನ್ ಎಂಬ ಫ್ರೆಂಚ್ ವೈದ್ಯರು ಆ ರೋಗವನ್ನು ಇಲಿಯಿಂದ ಇಲಿಗೆ ಒಯ್ಯುವುದು ಚಿಗಟವೆಂದು ತೋರಿಸಿಕೊಟ್ಟರು. ಅದು ಇಲಿಯ ಚಿಗಟ. ಬೆಕ್ಕಿನ ಮೈಮೇಲೆ ಸಾಮಾನ್ಯವಾಗಿರುವುದು ಬೇರೆ ಜಾತಿ. ಬೆಕ್ಕಿನ ಚಿಗಟವೆಂದು ಹೆಸರಾದರೂ ನಾಯಿಯ ಮೈಮೇಲೂ ಸುಖವಾಗಿರುವುದು, ಕರು, ಆಡುಗಳ ಮೇಲೂ ಕಂಡುಬರುವುದುಂಟು.

ಇಲ್ಲಿ ಮನೆಯವರ ಆಕ್ಷೇಪಣೆಗಳು ಎರಡು. ಬೆಕ್ಕು ಹೊಸ್ತಿಲು ದಾಟುವುದಿಲ್ಲ, ಚಿಗಟವೆಲ್ಲಿಂದ ಬಂದೀತು? ಹುಡುಕಿದರೂ ಒಂದು ಚಿಗಟವೂ ಸಿಕ್ಕಲಿಲ್ಲವಲ್ಲ? ಎರಡೂ ನ್ಯಾಯವಾದ ಪ್ರಶ್ನೆಗಳೇ.

ಎರಡನೆಯದಕ್ಕೆ ಉತ್ತರವು ಬೆಕ್ಕಿನ ನಾಲಗೆಯಲ್ಲಿದೆ. ಹಿಂದಕ್ಕೆ ಬಾಗಿದ ಮುಳ್ಳುಗಳುಳ್ಳ ಆ ನಾಲಗೆಯು ಒಳ್ಳೆಯ ಹಣಿಗೆಯಂತೆ ಕೆಲಸಮಾಡಿ ಚಿಗಟವನ್ನು ಹಿಡಿದು ನುಂಗಿಸಿಬಿಡುವುದು. ಕೆಲವು ಬೆಕ್ಕುಗಳಿಗೆ ಚಿಗಟದ ಜೊಲ್ಲು ಒಗ್ಗುವುದಿಲ್ಲ. ಅಂಥವಕ್ಕೆ ಕೆಲವೇ ಕಡಿತಗಳಿಂದ ದಿನಗಟ್ಟಲೆ ತುರಿಕೆ ನಿಲ್ಲದು. ತುರಿಕೆ ಹೆಚ್ಚಿದಷ್ಟೂ ನೆಕ್ಕುವುದು ಹೆಚ್ಚು, ನೆಕ್ಕಿದಷ್ಟೂ ಚಿಗಟ ಸಿಕ್ಕುವುದು ಕಡಮೆ. ಹೀಗಾಗಿ ಅತಿಯಾಗಿ ನರಳುವ ಬೆಕ್ಕಿನ ಮೈಮೇಲೆಯೇ ಚಿಗಟವು ಕಾಣದಿರುವುದು. ಕಳ್ಳನು ಸಿಕ್ಕದಿದ್ದಾಗ ಅವನು ಬಿಟ್ಟುಹೋದ ಗುರುತನ್ನು ಹುಡುಕತಕ್ಕದ್ದು. ಹೇನು ತೆಗೆಯುವ ಸಣ್ಣಹಲ್ಲಿನ ಹಣಿಗೆಯಿಂದ ಬಾಲದ ಬುಡ, ಕತ್ತುಗಳ ರೋಮವನ್ನು ಬಾಚಿ, ಉದುರಿದ ಕಸವನ್ನು ಒದ್ದೆಮಾಡಿದ ಬಿಳಿಯ ಬಟ್ಟೆಯ ಮೇಲೆ ಹರಡಬೇಕು. ಮಣ್ಣಿನ ಕಣವಾದರೆ ಕರಿಯದಾಗಿಯೇ ಉಳಿಯುವುದು. ಚಿಗಟದ ಹಿಕ್ಕೆಯಾದರೆ ಸುತ್ತಲೂ ಕೆಂಗಂದು ಬಣ್ಣ ಹರಡುವುದು. ಏಕೆಂದರೆ ಅದು ಬೆಕ್ಕಿನದೇ ರಕ್ತ. ಇನ್ನೊಂದು ಸಾಕ್ಷಿಯೂ ಉಂಟು. ಬೆಕ್ಕಿನ ಬಾಲದ ಕೆಳಗೆ, ಮಲಗುವ ಬಟ್ಟೆಯ ಮೇಲೆ ಅಕ್ಕಿಯ ಕಾಳಿನಂಥ ತುಣುಕುಗಳು ಕಂಡರೆ ಅವು ಲಾಡಿಹುಳುವಿನ ಖಂಡಗಳು. ಈ ಜಾತಿಯ ಲಾಡಿಹುಳುವು ಬೆಕ್ಕಿನ ಹೊಟ್ಟೆಯನ್ನು ಸೇರುವುದು ಸಾಮಾನ್ಯವಾಗಿ ನುಂಗಿದ ಚಿಗಟದ ಮೂಲಕವೇ. ದೃಷ್ಟಾಂತದ ಮನೆಯಲ್ಲಿ ಒದ್ದೆಬಟ್ಟೆಯ ಮೇಲೆ ಐದಾರು ಕೆಂಪು ಕಲೆಗಳೂ, ಗೋಣಿಚೀಲದ ಮೇಲೆ ಒಣಗಿದ ಒಂದೆರಡು ಖಂಡಗಳೂ ಸಿಕ್ಕಿದುವು. ಕಲೆಗಳು ಸಿಕ್ಕದಿದ್ದರೂ ಚಿಗಟವಿಲ್ಲವೆಂದು ಹೇಳಿಬಿಡುವುದು ಆತುರವಾದೀತು. ಎರಡು ಮೂರು ತಿಂಗಳು ಚಿಗಟದ ಮದ್ದನ್ನು ಕ್ರಮವಾಗಿ ಮಾಡಿ ನೋಡುವುದೇ ಆಗ ಪರೀಕ್ಷೆ.

ಮೊದಲನೆಯ ಪ್ರಶ್ನೆಗೆ ಉತ್ತರ ತಿಳಿಯಬೇಕಾದರೆ ಚಿಗಟದ ಜೀವನಕ್ರಮವನ್ನು ಅರಿಯಬೇಕು. ಬೆಳೆದ ಹೆಣ್ಣು ಚಿಗಟವು ಬೆಕ್ಕಿನ ಮೈಮೇಲೆಯೇ ದಿನಕ್ಕೆ ನಲವತ್ತು ಐವತ್ತರವರೆಗೂ ಮೊಟ್ಟೆಯಿಡುವುದು. ಮೊಟ್ಟೆಗಳು ಅಂಟಿಕೊಳ್ಳದೆ ಜಾರಿ, ಬೆಕ್ಕು ಮಲಗುವ ಜಾಗದಲ್ಲಿ ಉದುರುವುವು. ಒಡೆದುಬಂದ ಮರಿಹುಳುಗಳು ಬೆಳಕಿಗೆ ಹೆದರಿ ನೆಲದ ಬಿರುಕು, ಚೀಲದ ಮಡಿಕೆಗಳೊಳಗೆ ಸೇರಿ, ದೊಡ್ಡ ಚಿಗಟಗಳ ಹಿಕ್ಕೆಯನ್ನು ತಿಂದು ಬೆಳೆಯುವುವು. ಗಾಳಿಯಲ್ಲಿ ತೇವವಿಲ್ಲದಿದ್ದರೆ ಈ ಮರಿಗಳು ಒಣಗಿ ಸಾಯುವುವು. ಮಳೆಗಾಲದ ತೇವ, ಮನೆಯೊಳಗಿನ ಬೆಚ್ಚಗೆ ಎರಡೂ ಕೂಡಿದರೆ ಮೂರು ನಾಲ್ಕು ವಾರಗಳಲ್ಲಿ ಮೊಟ್ಟೆಯಿಂದ ಚಿಗಟವಾಗುವುವು. ರೋಗವು ಆಷಾಢದಲ್ಲಿ ಏರಿ ಮಾರ್ಗಶಿರದಲ್ಲಿ ಇಳಿಯುತ್ತಿದ್ದುದರ ಗುಟ್ಟು ಇದೇ. ಮರಿಯು ಗೂಡು ಕಟ್ಟಿಕೊಂಡ ಮೇಲಂತೂ ಧೂಳು ಅಂಟಿದ ಆ ಗೂಡು ಕಣ್ಣಿಗೂ ಬೀಳದು, ಮದ್ದಿಗೂ ಜಗ್ಗದು. ಅದರೊಳಗೆ ಐದಾರು ತಿಂಗಳವರೆಗೂ ಕಾದು ಕುಳಿತು, ಹೆಜ್ಜೆಯ ಅದುರು, ಮೈಯ ಬಿಸಿ, ಉಸಿರಿನ ಗಾಳಿ ತಗುಲಿದೊಡನೆ ಹೊರಗೆ ನೆಗೆಯುವುದು. ಬಹುದಿನ ಬೀಗ ಹಾಕಿದ್ದ ಮನೆಯನ್ನು ತೆರೆದ ದಿನವೇ ಕಾಲಿಗೆ ಚಿಗಟ ಮುತ್ತುವುದು ಇದರಿಂದಲೇ.

ಹೀಗಿರುವಾಗ ಬೆಕ್ಕು ಹೊರಗೆ ಹೋಗಬೇಕಾದ್ದೇ ಇಲ್ಲ. ಜಗಲಿಯ ನಾಯಿಯು ದಿನವೂ ಬಾಗಿಲಲ್ಲಿ ಮೈ ಕೊಡವುವುದು. ಇಲಿಯು ತನ್ನ ಚಿಗಟದೊಡನೆ ಒಳಗೆ ಬರುವುದು. ಜನರ ಕಂಬಳಿಯೊಡನೆ, ಚೀಲಗಳೊಡನೆ ಗೂಡುಗಳು ಬರುವುವು. ಒಂದು ಸಲ ಬಂದು ಸೇರಿದರೆ ಮುಂದಿನ ಬೆಳೆಯನ್ನೆಲ್ಲ ಮನೆಯೇ ಬೆಳೆಯಿಸಿಕೊಳ್ಳುವುದು. ಬೆಳೆದ ಚಿಗಟಗಳು ಮನೆಯಲ್ಲಿರುವ ಒಟ್ಟು ಸಂತತಿಯಲ್ಲಿ ಸುಮಾರಾಗಿ ನೂರಕ್ಕೆ ಐದು; ಉಳಿದ ತೊಂಬತ್ತೈದು ಮೊಟ್ಟೆ, ಮರಿ, ಗೂಡುಗಳ ರೂಪದಲ್ಲಿ ನೆಲದಲ್ಲಿಯೇ ಇರುವುವು. ಬೆಕ್ಕನ್ನು ಊರಾಚೆ ಬಿಟ್ಟುಬಂದಿದ್ದರೆ ಗೂಡಿನಿಂದ ಹೊರಬೀಳುವ ಚಿಗಟಗಳಿಗೆ ಮಗುವಿನ ಕಾಲೊಂದೇ ಉಳಿಯುತ್ತಿತ್ತು.

ಮಾಡತಕ್ಕದ್ದು, ಮಾಡಕೂಡದ್ದು

ಮಾಡಕೂಡದ್ದನ್ನು ಮೊದಲು ಹೇಳುವುದು ಮೇಲು, ಏಕೆಂದರೆ ಕೃಷಿಕರ ಮನೆಗಳಲ್ಲಿ ಅಪಾಯವು ಗೂಡಿನಲ್ಲಿಯೇ ಇರುವುದು. ದನಗಳ ಉಣ್ಣೆಗೆ ತಂದಿಟ್ಟ ಔಷಧವನ್ನು “ಎತ್ತಿಗೆ ಆಗುವುದು ಬೆಕ್ಕಿಗೆ ಆಗದೆ?” ಎಂದು ನೀರಿಗೆ ಬೆರೆಸಿ ಹಚ್ಚುವವರಿದ್ದಾರೆ. ಆಗುವುದಿಲ್ಲ. ಪರ್ಮೆಥ್ರಿನ್, ಸೈಪರ್ಮೆಥ್ರಿನ್, ಡೆಲ್ಟಾಮೆಥ್ರಿನ್ ಜಾತಿಯ ಮದ್ದುಗಳನ್ನು ದನವೂ ನಾಯಿಯೂ ತಾಳಿಕೊಳ್ಳುವಂತೆ ಬೆಕ್ಕಿನ ಪಿತ್ತಜನಕಾಂಗವು ಅರಗಿಸಿ ಹೊರಹಾಕಲಾರದು. ಕೆಲವು ಗಂಟೆಗಳಲ್ಲಿ ಮೈ ನಡುಗಿ, ಸೆಳವು ಬಂದು ಬೆಕ್ಕು ಸಾಯಬಹುದು. ನಾಯಿಯ ಕತ್ತಿಗೆ ಹಾಕುವ ಹನಿಮದ್ದಿನಲ್ಲಿಯೂ ಪರ್ಮೆಥ್ರಿನ್ ಇರುವುದುಂಟಾದ್ದರಿಂದ ಅದನ್ನೂ ಬೆಕ್ಕಿಗೆ ಹಾಕಕೂಡದು. ಅಮಿಟ್ರಾಜ್, ಫಿನೈಲು, ಸೀಮೆಎಣ್ಣೆ, ಹೊಗೆಸೊಪ್ಪಿನ ಕಷಾಯ, ಗದ್ದೆಗೆ ಹೊಡೆಯುವ ಯಾವುದೇ ಪುಡಿ, ಇವೆಲ್ಲವೂ ವರ್ಜ್ಯ. ಬೆಕ್ಕು ಮೈಗೆ ಹಚ್ಚಿದ್ದನ್ನೆಲ್ಲ ನೆಕ್ಕಿ ಹೊಟ್ಟೆಗೆ ಸೇರಿಸಿಕೊಳ್ಳುವುದೆಂಬುದನ್ನು ಮರೆಯಬಾರದು. ಗಂಧಕದ ಎಣ್ಣೆ, ಬೇವಿನ ಎಣ್ಣೆಗಳನ್ನು ಸಹ ವೈದ್ಯರನ್ನು ಕೇಳದೆ ಮೈತುಂಬ ಹಚ್ಚುವುದು ಸರಿಯಲ್ಲ. ಮನುಷ್ಯರ ಜ್ವರದ ಪ್ಯಾರಸಿಟಮಾಲ್ ಮಾತ್ರೆಯು ಬೆಕ್ಕಿಗೆ ವಿಷ.

ಯಾರಾದರೂ ತಿಳಿಯದೆ ಹಚ್ಚಿಬಿಟ್ಟಿದ್ದರೆ, ಉಗುರುಬೆಚ್ಚಗಿನ ನೀರಿನಲ್ಲಿ ಸೌಮ್ಯವಾದ ಸಾಬೂನಿನಿಂದ ಒಡನೆಯೇ ತೊಳೆದು, ಒರಸಿ, ಬೆಚ್ಚಗೆ ಸುತ್ತಿ ಆಸ್ಪತ್ರೆಗೆ ಒಯ್ಯಬೇಕು. ಮದ್ದಿನ ಸೀಸೆಯನ್ನೂ ಜೊತೆಗೆ ಕೊಂಡುಹೋಗಬೇಕು. ದೃಷ್ಟಾಂತದ ಮನೆಯಲ್ಲಿಯೂ ಕಿರಿಯ ಮಗನು ಕೊಟ್ಟಿಗೆಯಿಂದ ಸೀಸೆಯನ್ನು ತಂದಾಗಿತ್ತು. ಅಜ್ಜಿಯು “ದನದ್ದು ದನಕ್ಕಿರಲಿ” ಎಂದು ತಡೆದದ್ದರಿಂದ ಬೆಕ್ಕು ಉಳಿಯಿತು. ಆಕೆಗೆ ಕಾರಣ ತಿಳಿದಿರಲಿಲ್ಲ, ಆದರೆ ಮಾತು ಸರಿಯಾಗಿತ್ತು.

ಇನ್ನು ಮಾಡತಕ್ಕದ್ದು. ಬೆಕ್ಕಿಗೆಂದೇ ತಯಾರಾದ ಫಿಪ್ರೋನಿಲ್, ಇಮಿಡಾಕ್ಲೋಪ್ರಿಡ್, ಸೆಲಮೆಕ್ಟಿನ್ ಮುಂತಾದ ಹನಿಮದ್ದುಗಳು ಪೇಟೆಯಲ್ಲಿ ದೊರೆಯುವುವು. ಬೆಕ್ಕಿನ ತೂಕವನ್ನೂ ವಯಸ್ಸನ್ನೂ ಹೇಳಿ ಪಶುವೈದ್ಯರಿಂದಲೇ ಗೊತ್ತುಮಾಡಿಸಿಕೊಂಡು, ನಾಲಗೆಗೆ ಎಟುಕದಂತೆ ಕತ್ತಿನ ಹಿಂದೆ ರೋಮವನ್ನು ಬಿಡಿಸಿ ಚರ್ಮಕ್ಕೆ ಹಾಕಬೇಕು. ಮನೆಯ ನಾಯಿಗೆ ಅದಕ್ಕೆ ತಕ್ಕ ಮದ್ದನ್ನು ಅದೇ ದಿನ ಮಾಡಬೇಕು. ಒಂದನ್ನು ಬಿಟ್ಟರೆ ಇನ್ನೊಂದಕ್ಕೆ ಮಾಡಿದ್ದು ವ್ಯರ್ಥ. ಗೂಡಿನೊಳಗಿನವು ಹೊರಬಂದು ಮುಗಿಯುವತನಕ, ಎಂದರೆ ಮೂರು ತಿಂಗಳಿಗೆ ಕಡಮೆಯಿಲ್ಲದಂತೆ, ಹೇಳಿದ ಅವಧಿಗೊಮ್ಮೆ ಮದ್ದನ್ನು ಹಾಕುತ್ತ ಬರಬೇಕು. ಮೊದಲನೆಯ ತಿಂಗಳಲ್ಲಿ ಚಿಗಟಗಳು ಇನ್ನೂ ಕಂಡುವೆಂದು ಮದ್ದನ್ನು ನಿಂದಿಸಿ ಕೈಬಿಡುವವರೇ ಹೆಚ್ಚು. ಆಗ ಕಾಣುವುವು ಹಳೆಯ ಗೂಡುಗಳಿಂದ ಹೊರಬಂದವು. ಲಾಡಿಹುಳುವಿಗೆ ಬೇರೆ ಮಾತ್ರೆಯುಂಟು.

ಬರಿದಾದ ಚೀಲ, ಕಂಬಳಿಗಳನ್ನು ಕುದಿಯುವ ನೀರಿನಲ್ಲಿ ಅದ್ದಿ ಒಣಗಿಸಬೇಕು. ಮಳೆಗಾಲದಲ್ಲಿ ಬಿಸಿಲು ಕಾಯುತ್ತ ಕುಳಿತರೆ ಆಗದು. ನೆಲದ ಬಿರುಕುಗಳನ್ನು ಮುಚ್ಚಿ, ಮೂಟೆಗಳನ್ನು ಗೋಡೆಯಿಂದ ದೂರಮಾಡಿ ಹಲಗೆಗಳ ಮೇಲಿಟ್ಟು, ಕೆಳಗಿನ ಧೂಳನ್ನು ವಾರಕ್ಕೆರಡಾವರ್ತಿಯಾದರೂ ಗುಡಿಸಿ ಸುಟ್ಟುಬಿಡಬೇಕು. ಬೆಕ್ಕಿಗೆ ಒಗೆಯಲು ಬರುವ ಒಂದು ಬಟ್ಟೆಯನ್ನು ಹಾಸಿ ಮಲಗುವ ಜಾಗವನ್ನು ಒಂದೇ ಕಡೆ ಗೊತ್ತುಮಾಡಿದರೆ ಮೊಟ್ಟೆಗಳೆಲ್ಲ ಅಲ್ಲಿಯೇ ಸಿಕ್ಕುವುವು. ಧಾನ್ಯವಿರುವ ಕೋಣೆಯಲ್ಲಿ ಕೀಟನಾಶಕವನ್ನು ಸಿಂಪಡಿಸುವುದು ಮಾತ್ರ ಬೇಡ.

ಆಹಾರದ ಪರೀಕ್ಷೆ, ಮತ್ತು ಇತರ ಸಂಗತಿಗಳು

ಚಿಗಟ, ನುಸಿ, ಹುಳುಕಡ್ಡಿ ಇವು ಮೂರೂ ಅಲ್ಲವೆಂದು ಖಚಿತವಾದ ಮೇಲೆಯೇ ಆಹಾರದ ಕಡೆಗೆ ತಿರುಗಬೇಕು. ಆಹಾರವು ಒಗ್ಗದೆ ಬರುವ ತುರಿಕೆಯು ಋತುವನ್ನು ನೋಡದೆ ವರ್ಷವೆಲ್ಲ ಇರುವುದು. ತಲೆ, ಕತ್ತುಗಳಲ್ಲಿ ಹೆಚ್ಚಾಗಿ ಕಾಣುವುದು. ಬೆಕ್ಕು ಹಿಂದೆಂದೂ ತಿನ್ನದ ಒಂದು ಮಾಂಸವನ್ನು ಮಾತ್ರ ಎಂಟು ವಾರ ಕೊಟ್ಟು, ಬೇರೆ ಯಾವುದನ್ನೂ, ಹಾಲಿನ ತಟ್ಟೆಯನ್ನೂ ಸಹ, ಮುಟ್ಟಿಸದೆ ನೋಡುವುದೊಂದೇ ಇದಕ್ಕೆ ನಂಬತಕ್ಕ ಪರೀಕ್ಷೆ. ಈ ಊಟವನ್ನು ಪಶುವೈದ್ಯರ ಸಲಹೆಯಂತೆ ಗೊತ್ತುಮಾಡಬೇಕು. ತುರಿಕೆ ಇಳಿದರೆ ಸಾಲದು, ಹಳೆಯ ಊಟವನ್ನು ಮತ್ತೆ ಕೊಟ್ಟಾಗ ತಿರುಗಿ ಬರಬೇಕು. ಆಗಲೇ ಸಾಕ್ಷ್ಯ ಪೂರ್ತಿಯಾಯಿತು. ದೃಷ್ಟಾಂತದ ಮನೆಯವರು ಮೀನು ನಿಲ್ಲಿಸಿದರೇ ಹೊರತು ಚಳಿಗಾಲದಲ್ಲಿ ಮತ್ತೆ ಕೊಟ್ಟು ನೋಡಲಿಲ್ಲ. ಕೊಟ್ಟಿದ್ದರೆ ಮೀನು ನಿರಪರಾಧಿಯೆಂಬುದು ಎರಡನೆಯ ವರ್ಷವೇ ತಿಳಿಯುತ್ತಿತ್ತು.

ಶಾಕಾಹಾರಿಗಳ ಮನೆಯಲ್ಲಿ ಇನ್ನೊಂದು ತೊಡಕುಂಟು. ಹಾಲನ್ನದಿಂದಲೇ ಬೆಳೆದ ಬೆಕ್ಕಿನ ರೋಮವು ಒರಟಾಗಿ, ಹೊಟ್ಟಿನಿಂದ ತುಂಬಿ ಕಳೆಗುಂದಿರುವುದು. ಬೆಕ್ಕು ಹುಟ್ಟಿನಿಂದ ಮಾಂಸಾಹಾರಿ. ಸೊಪ್ಪಿನಲ್ಲಿರುವ ಹಳದಿ ದ್ರವ್ಯದಿಂದ ಎ ಜೀವಸತ್ತ್ವವನ್ನು ತಯಾರಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಚರ್ಮಕ್ಕೆ ಬೇಕಾದ ಕೆಲವು ಕೊಬ್ಬಿನ ಆಮ್ಲಗಳೂ ಮಾಂಸದಿಂದಲೇ ಬರಬೇಕು. ಟಾರೀನ್ ಎಂಬ ದ್ರವ್ಯದ ಕೊರತೆಯಿಂದ ಬೆಕ್ಕು ಕುರುಡಾಗುವುದೆಂದು ೧೯೭೫ರಲ್ಲಿ ಕಂಡುಹಿಡಿಯಲಾಯಿತು. ಅದೇ ಕೊರತೆಯಿಂದ ಹೃದಯವು ಕೆಡುವುದೆಂದು ೧೯೮೭ರಲ್ಲಿ ತಿಳಿದುಬಂದಿತು. ಮನೆಯ ಆಚಾರಕ್ಕೆ ಭಂಗವಿಲ್ಲದೆ ಬೆಕ್ಕನ್ನು ಸಾಕಬೇಕೆನ್ನುವವರು ಬೆಕ್ಕಿಗಾಗಿಯೇ ತಯಾರಾದ ಸಿದ್ಧ ಆಹಾರವನ್ನಾದರೂ ತರಿಸಬೇಕು. ಇಲಿಯನ್ನು ಹಿಡಿದು ತಿಂದುಕೊಳ್ಳುವುದೆಂದು ನೆಚ್ಚಿರುವುದು ಸರಿಯಲ್ಲ.

ಧಾನ್ಯದ ಧೂಳು, ಅದರಲ್ಲಿರುವ ನುಸಿ, ಬೂಷ್ಟು ಇವೂ ಕೆಲವು ಬೆಕ್ಕುಗಳಿಗೆ ಒಗ್ಗವು. ಇದನ್ನು ಕಡೆಗೆ, ಉಳಿದುವೆಲ್ಲ ಹೋದ ಮೇಲೆ ಹೇಳಬೇಕಾದ ಮಾತು. ಬೇಸರದಿಂದ, ಮನಸ್ಸಿನ ಕಳವಳದಿಂದ ಬೆಕ್ಕು ನೆಕ್ಕಿಕೊಳ್ಳುವುದೆಂಬ ಮಾತಂತೂ ಈಚೆಗೆ ಬಹಳ ಕೇಳಿಬರುತ್ತಿದೆ. ಮನೆಯೊಳಗೇ ಇರುವ ಬೆಕ್ಕಿಗೆ ಬೇಸರವಿರಬಹುದು. ಆದರೆ ೨೦೦೬ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ, ಮನಸ್ಸಿನ ಕಾರಣದಿಂದಲೇ ರೋಮ ಕಿತ್ತುಕೊಳ್ಳುತ್ತಿವೆಯೆಂದು ಎಣಿಸಿದ್ದ ೨೧ ಬೆಕ್ಕುಗಳನ್ನು ಪರೀಕ್ಷಿಸಲಾಗಿ ೧೬ಕ್ಕೆ ಶರೀರದ ರೋಗವೇ ಕಾರಣವಾಗಿತ್ತು. ಹುಡುಕಲು ಬೇಸರಪಟ್ಟವರು ಬೆಕ್ಕಿನ ಬೇಸರವನ್ನು ಕಾರಣವಾಗಿ ಹೇಳುವುದುಂಟೆಂದು ಇದರಿಂದ ಊಹಿಸಬಹುದು.

ದೃಷ್ಟಾಂತದ ಮನೆಯಲ್ಲಿ ಶ್ರಾವಣದ ಮಧ್ಯದಲ್ಲಿ ಬೆಕ್ಕಿಗೂ ನಾಯಿಗೂ ಮದ್ದು ಆರಂಭವಾಯಿತು. ಭಾದ್ರಪದದ ಕೊನೆಗೆ ಮಗುವಿನ ಕಾಲಿನ ಗುಳ್ಳೆಗಳು ನಿಂತುವು. ಕಾರ್ತಿಕದ ಹೊತ್ತಿಗೆ ಬೆಕ್ಕಿನ ಹೊಟ್ಟೆಯ ಮೇಲೆ ಎಳೆಯ ರೋಮ ಮೂಡಿತು. ಆದರೆ ಋತುವೇ ಇಳಿಸಿತೋ ಮದ್ದು ಇಳಿಸಿತೋ ಎಂಬುದು ಆಗ ಹೇಳುವಂತಿರಲಿಲ್ಲ. ಅದಕ್ಕಾಗಿ ಮರುವರ್ಷದ ವೈಶಾಖದಿಂದಲೇ ಮದ್ದನ್ನು ಮುಂದಾಗಿ ಹಾಕಿ ಪುಸ್ತಕದಲ್ಲಿ ಬರೆದಿಟ್ಟರು. ಆಷಾಢ ಕಳೆಯಿತು, ತುರಿಕೆಯಿಲ್ಲ. ಭಾದ್ರಪದದಲ್ಲಿ ಬಾಲದ ಬುಡದಲ್ಲಿ ನಾಲ್ಕಾರು ಹೆಕ್ಕಳೆಗಳು ಬೆರಳಿಗೆ ಸಿಕ್ಕಿದುವು. ಪುಸ್ತಕವನ್ನು ತಿರುವಿ ನೋಡಲಾಗಿ, ಶ್ರಾವಣದ ಹನಿಮದ್ದು ಹಾಕಲು ಮರೆತಿದ್ದುದೂ, ಅದೇ ಪಕ್ಷದಲ್ಲಿ ಪಕ್ಕದ ಮನೆಯಿಂದ ಇಪ್ಪತ್ತು ಹಳೆಯ ಗೋಣಿಚೀಲಗಳನ್ನು ಎರವಲು ತಂದಿದ್ದುದೂ ಹೊರಬಿದ್ದುವು. ಅಂದೇ ಹಂಡೆಯಲ್ಲಿ ನೀರು ಕಾಯಿಸಿ ಚೀಲಗಳನ್ನು ಅದ್ದಿದರು. ಪಕ್ಕದ ಮನೆಯ ನಾಯಿಗೂ ಮದ್ದು ಹಾಕಿಸಿದರು.